ಓದುಗರ ಪ್ರಶ್ನೆಗೆ ಉತ್ತರ: ಗೂಗಲ್‌ಗೆ ಕಾಣದ ಪುಟ, ಕೈಗೆ ಬಾರದ ಡಾಲರ್

ಕೊಡಗಿನಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ವಂತ ಜಾಲತಾಣ ಗೂಗಲ್‌ನಲ್ಲಿ ಕಾಣಿಸಿಕೊಳ್ಳುವುದು ಹೇಗೆ, ಅದರಿಂದ ಜಾಹೀರಾತಿನ ಆದಾಯ ಬರುವುದು ಹೇಗೆ ಎಂಬುದನ್ನೇ ಕೇಳಿವೆ. ಮೊದಲ ಪತ್ರ ಬರೆದವರು ತಮ್ಮ ತಾಣದ ವಿಳಾಸವನ್ನೂ ಕಳುಹಿಸಿದ್ದರಿಂದ ಅದನ್ನು ತೆರೆದು ನೋಡಿಯೇ ಉತ್ತರಿಸಿದ್ದೇನೆ; ಹಾಗಾಗಿ ಆ ಉತ್ತರ ಉಳಿದವುಗಳಿಗಿಂತ ಬಹಳ ಉದ್ದವಾಗಿದೆ.

ಪ್ರಶ್ನೆ: ನಾನು ಸಣ್ಣ ಕಾಫಿ ಬೆಳೆಗಾರ. ಹದಿನಾಲ್ಕು ತಿಂಗಳಿನಿಂದ ಕಾಫಿ ಮತ್ತು ಕಾಳುಮೆಣಸಿನ ಕೃಷಿಯ ಬಗ್ಗೆ ಕನ್ನಡದಲ್ಲಿ ಜಾಲತಾಣ ನಡೆಸುತ್ತಿದ್ದೇನೆ. ಎಂಬತ್ತಕ್ಕೂ ಹೆಚ್ಚು ಲೇಖನಗಳಿವೆ. ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ ದಿನ ಐವತ್ತು ಅರವತ್ತು ಜನ ಓದುತ್ತಾರೆ, ಮಾರನೆಯ ದಿನ ಯಾರೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ನನ್ನ ಲೇಖನ ಎಲ್ಲಿಯೂ ಸಿಗುವುದಿಲ್ಲ. ಜಾಹೀರಾತಿನಿಂದ ಇಂಟರ್ನೆಟ್ ಬಿಲ್ಲಿನಷ್ಟು ಹುಟ್ಟಿದರೂ ಸಾಕು ಎಂದುಕೊಂಡಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ತಿಳಿಸಿ.
– ಒಬ್ಬ ಬೆಳೆಗಾರ, ಸೋಮವಾರಪೇಟೆ

ಉತ್ತರ: ನಿಮ್ಮ ಬರವಣಿಗೆಯಲ್ಲಿ ತಪ್ಪಿಲ್ಲ, ಅದು ಇರುವ ಮನೆಯಲ್ಲಿ ತಪ್ಪಿದೆ. ಗೂಗಲ್‌ನ ಕೆಲಸದಲ್ಲಿ ಮೂರು ಹಂತಗಳಿವೆ. ಮೊದಲು ಅದರ ಪ್ರೋಗ್ರಾಂ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ (ಲಿಂಕ್) ಹಿಡಿದು ಹೋಗುತ್ತಾ ಪುಟಗಳನ್ನು ಕಂಡುಹಿಡಿಯುತ್ತದೆ. ಆಮೇಲೆ ಕಂಡದ್ದನ್ನು ಓದಿ, ಇಟ್ಟುಕೊಳ್ಳಲು ಯೋಗ್ಯವೆನಿಸಿದ್ದನ್ನು ತನ್ನ ಸೂಚಿಯಲ್ಲಿ ದಾಖಲಿಸುತ್ತದೆ. ಯಾರಾದರೂ ಏನನ್ನಾದರೂ ಹುಡುಕಿದಾಗ ಆ ಸೂಚಿಯಲ್ಲಿರುವ ಪುಟಗಳನ್ನು ಮಾತ್ರ ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತದೆ. ಎಲ್ಲರೂ ಚಿಂತಿಸುವುದು ಮೂರನೆಯ ಹಂತದ ಬಗ್ಗೆ, ಮೊದಲ ಪುಟದಲ್ಲಿ ಬರುವುದು ಹೇಗೆಂದು. ನಿಮ್ಮ ತೊಂದರೆ ಇರುವುದು ಅದಕ್ಕಿಂತ ಹಿಂದೆ. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ನಿಮ್ಮ ತಾಣದ ವಿಳಾಸವನ್ನು ಟೈಪ್ ಮಾಡಿದೆ. ಎಂಬತ್ತು ಲೇಖನಗಳ ತಾಣದಿಂದ ಬಂದದ್ದು ಹನ್ನೊಂದು ಪುಟ: ಮುಖಪುಟ ಮತ್ತು ಹತ್ತು ಲೇಖನ. ಈ ಎಣಿಕೆ ಅಂದಾಜಿನದು ಎಂಬುದು ನಿಜವಾದರೂ, ಎಂಬತ್ತಕ್ಕೂ ಹನ್ನೊಂದಕ್ಕೂ ಇರುವ ಅಂತರವನ್ನು ಅಂದಾಜಿನ ತಪ್ಪೆಂದು ತಳ್ಳಿಹಾಕುವಂತಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿಮ್ಮ ಮುಖಪುಟದಲ್ಲಿ ಇತ್ತೀಚಿನ ಹತ್ತು ಲೇಖನಗಳು ಮಾತ್ರ ಕಾಣುತ್ತವೆ, ಉಳಿದವು ‘ಇನ್ನಷ್ಟು ಓದಿ’ ಎಂಬ ಬಟನ್ ಒತ್ತಿದ ಮೇಲೆ ತೆರೆದುಕೊಳ್ಳುತ್ತವೆ. ಓದುಗ ಬಟನ್ ಒತ್ತುತ್ತಾನೆ, ಗೂಗಲ್‌ನ ಪ್ರೋಗ್ರಾಂ ಒತ್ತುವುದಿಲ್ಲ. ಹೊಸ ಲೇಖನ ಬಂದಂತೆ ಹಳೆಯದು ಆ ಬಟನ್ನಿನ ಹಿಂದೆ ಜಾರಿ ಹೋಗುತ್ತದೆ, ಅಲ್ಲಿಗೆ ಬೇರಾವ ಪುಟದಿಂದಲೂ ದಾರಿಯಿಲ್ಲ. ಒಮ್ಮೆ ಕಂಡಿದ್ದ ಪುಟವನ್ನೂ, ಅದರತ್ತ ಯಾರೂ ಕೈ ತೋರಿಸದಿದ್ದರೆ, ಸೂಚಿಯಲ್ಲಿ ಉಳಿಸಿಕೊಳ್ಳುವ ಹಂಗು ಗೂಗಲ್‌ಗಿಲ್ಲ. ತೋಟದ ತುದಿಯಲ್ಲಿ ಒಳ್ಳೆಯ ಫಸಲಿದ್ದರೂ ಅಲ್ಲಿಗೆ ಕಾಲುದಾರಿಯೇ ಇಲ್ಲದಿದ್ದರೆ ಕೊಯ್ಲಿನವರು ಹೋಗುವುದಾದರೂ ಹೇಗೆ? ಆ ಬಟನ್ನಿನ ಬದಲು ಎರಡನೆಯ ಪುಟ, ಮೂರನೆಯ ಪುಟ ಎಂಬ ನಿಜವಾದ ಕೊಂಡಿಗಳನ್ನು ಹಾಕಿಸಿ. ‘ಕಾಫಿ ರೋಗಗಳು’, ‘ಕೊಯ್ಲು ಮತ್ತು ಒಣಗಿಸುವುದು’, ‘ಮೆಣಸು’ ಎಂದು ವಿಷಯವಾರು ಪುಟಗಳನ್ನು ಮಾಡಿ, ಆಯಾ ಲೇಖನಗಳನ್ನೆಲ್ಲ ಅಲ್ಲಿ ಪಟ್ಟಿ ಮಾಡಿ. ಕಾಯಿಕೊರಕ ಕೀಟದ ಲೇಖನದಲ್ಲಿ ಕಣದ ಸ್ವಚ್ಛತೆಯ ಮಾತು ಬಂದರೆ ಅಲ್ಲಿಂದಲೇ ಕಣದ ಲೇಖನಕ್ಕೆ ಕೊಂಡಿ ಕೊಡಿ.

ಇದರ ಜೊತೆಗೆ ಸೈಟ್‌ಮ್ಯಾಪ್ ಎಂಬ ಕಡತ ಬೇಕು. ತಾಣದ ಎಲ್ಲ ಪುಟಗಳ ವಿಳಾಸಗಳಿರುವ ಪಟ್ಟಿ ಅದು. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಇರಬಹುದಾದ್ದರಿಂದ ನಿಮಗೆ ಒಂದೇ ಸಾಕು. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ 2020ರಿಂದ ಈ ಪಟ್ಟಿ ತಾನಾಗಿಯೇ ತಯಾರಾಗುತ್ತದೆ. ನಿಮ್ಮ ತಾಣವನ್ನು ಯಾರೋ ಪರಿಚಿತರು ಕೈಯಿಂದಲೇ ಕಟ್ಟಿಕೊಟ್ಟಿರುವುದರಿಂದ ಅವರನ್ನೇ ಕೇಳಿ ಮಾಡಿಸಬೇಕು. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ತಾಣವನ್ನು ನೋಂದಾಯಿಸಿ, ಆ ಪಟ್ಟಿಯನ್ನು ಸಲ್ಲಿಸಿ. ಯಾವ ಪುಟ ಸೂಚಿಯಲ್ಲಿದೆ, ಯಾವುದು ಏಕೆ ಇಲ್ಲ, ಯಾವ ಪದ ಹುಡುಕಿದವರಿಗೆ ನಿಮ್ಮ ಪುಟ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಅದನ್ನು ನೋಡದೆ ಜಾಲತಾಣ ನಡೆಸುವುದೆಂದರೆ ಮಳೆಮಾಪಕವಿಲ್ಲದೆ ತೋಟ ನಡೆಸಿದಂತೆ. (ವರ್ಡ್‌ಪ್ರೆಸ್ ಬಳಸುವ ಇತರ ಓದುಗರಿಗೆ ಒಂದು ಮಾತು: ಸೆಟ್ಟಿಂಗ್ಸ್‌ನ ‘ರೀಡಿಂಗ್’ ವಿಭಾಗದಲ್ಲಿ, ಸರ್ಚ್ ಎಂಜಿನ್‌ಗಳು ಈ ತಾಣವನ್ನು ದಾಖಲಿಸದಿರಲಿ ಎಂಬ ಅರ್ಥದ ಚೌಕವೊಂದಿದೆ. ತಾಣ ಕಟ್ಟುವಾಗ ಅದಕ್ಕೆ ಗುರುತು ಹಾಕಿ, ಕೆಲಸ ಮುಗಿದ ಮೇಲೆ ತೆಗೆಯಲು ಮರೆತವರ ಪತ್ರಗಳು ನನಗೆ ವರ್ಷಕ್ಕೆ ಎರಡಾದರೂ ಬರುತ್ತವೆ.)

ಇನ್ನು ಒಳಗಿನ ವಿಷಯಕ್ಕೆ ಬರೋಣ. ನಿಮ್ಮ ಲೇಖನಗಳಲ್ಲಿ ಇಪ್ಪತ್ತೈದರಷ್ಟು ಪಠ್ಯವೇ ಅಲ್ಲ, ಚಿತ್ರಗಳು. ವಾಟ್ಸಾಪ್‌ಗೆಂದು ಹಸಿರು ಹಿನ್ನೆಲೆಯ ಮೇಲೆ ಅಂದವಾಗಿ ಬರೆಸಿದ ಪೋಸ್ಟರುಗಳನ್ನೇ ತಾಣದಲ್ಲಿಯೂ ಏರಿಸಿದ್ದೀರಿ. ಚಿತ್ರದೊಳಗಿನ ಅಕ್ಷರವನ್ನು ಸರ್ಚ್ ಎಂಜಿನ್ ಲೇಖನವೆಂದು ಪರಿಗಣಿಸಿ ಹುಡುಕಿಕೊಡುತ್ತದೆಂದು ನಂಬಬೇಡಿ. ಅವನ್ನೆಲ್ಲ ಟೈಪ್ ಮಾಡಿಸಲೇಬೇಕು. ಮತ್ತೊಂದು ಇಪ್ಪತ್ತು ಪುಟಗಳು ಆಯಾ ದಿನದ ಚೆರ್ರಿ ಮತ್ತು ಪಾರ್ಚ್‌ಮೆಂಟ್ ಕಾಫಿಯ ದರವನ್ನು ಹೇಳುವ ಮೂರು ಸಾಲಿನ ಪುಟಗಳು. ನಿನ್ನೆಯ ದರದ ಪುಟ ಇವತ್ತು ಯಾರಿಗೂ ಬೇಡ. ದರಕ್ಕೆಂದು ಒಂದೇ ಪುಟ ಇಟ್ಟು, 50 ಕಿಲೋ ಚೀಲದ ದರವನ್ನು ದಿನಾಂಕದೊಂದಿಗೆ ಅಲ್ಲಿಯೇ ತಿದ್ದುತ್ತಾ ಹೋದರೆ ಆ ಒಂದು ಪುಟಕ್ಕೆ ಕಾಲಕ್ರಮೇಣ ತೂಕ ಬರುತ್ತದೆ.

ನನಗೆ ಹೆಚ್ಚು ಹೇಳಬೇಕೆನಿಸುವುದು ಶೀರ್ಷಿಕೆಗಳ ಬಗ್ಗೆ. ಕನ್ನಡದಲ್ಲಿ ಬರೆಯುವ ನಾವೆಲ್ಲ ಪತ್ರಿಕೆಗಳ ಶಾಲೆಯಲ್ಲಿ ಕಲಿತವರು. ಒಳಗಿನ ವಿಷಯವನ್ನು ಬಿಟ್ಟುಕೊಡದೆ ಓದುಗನ ಕುತೂಹಲ ಕೆರಳಿಸುವುದೇ ಒಳ್ಳೆಯ ಶೀರ್ಷಿಕೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಪತ್ರಿಕೆಯಲ್ಲಿ ಅದು ಸರಿ, ಏಕೆಂದರೆ ಪತ್ರಿಕೆ ಆಗಲೇ ಓದುಗನ ಕೈಯಲ್ಲಿದೆ. ಹುಡುಕುವವನ ಕೈಯಲ್ಲಿರುವುದು ಪ್ರಶ್ನೆ ಮಾತ್ರ. ಮಾರ್ಚ್ ತಿಂಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಕಂಗೆಟ್ಟ ಬೆಳೆಗಾರ ರಾತ್ರಿ ಫೋನ್ ತೆಗೆದು ‘ರೋಬಸ್ಟಾಗೆ ಸ್ಪ್ರಿಂಕ್ಲರ್ ನೀರು ಯಾವಾಗ ಕೊಡಬೇಕು’ ಎಂದು ಕೇಳುತ್ತಾನೆ. ಅದಕ್ಕೆ ನೇರ ಉತ್ತರ ನಿಮ್ಮ ಒಂದು ಲೇಖನದಲ್ಲಿದೆ, ಚೆನ್ನಾಗಿಯೇ ಇದೆ. ಆದರೆ ಅದರ ತಲೆಯ ಮೇಲೆ ‘ಮುನಿದ ಮುಗಿಲು’ ಎಂದಿದೆ. ಈ ಹೆಸರನ್ನು ಓದಿದವರು ಮೆಚ್ಚಬಹುದು, ಹುಡುಕಿದವರು ಮಾತ್ರ ಎಂದೂ ತಲುಪುವುದಿಲ್ಲ. ‘ಹೂಮಳೆ ತಡವಾದರೆ ರೋಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ನೀರು ಯಾವಾಗ, ಎಷ್ಟು?’ ಎಂದು ಬದಲಾಯಿಸಿ. ಕವಿತ್ವವನ್ನು ಮೊದಲ ಪ್ಯಾರಾಕ್ಕೆ ಇಳಿಸಿ. ಇದಲ್ಲದೆ ಪ್ರತಿ ಪುಟಕ್ಕೂ ಬ್ರೌಸರಿನ ಮೇಲಂಚಿನಲ್ಲಿ ಕಾಣುವ, ಕೋಡಿನಲ್ಲಿ ಬರೆಯುವ ಇನ್ನೊಂದು ಶೀರ್ಷಿಕೆ ಇರುತ್ತದೆ, ಗೂಗಲ್ ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಬರುವುದು ಹೆಚ್ಚಾಗಿ ಅದೇ. ನಿಮ್ಮ ಎಂಬತ್ತೂ ಪುಟಗಳಲ್ಲಿ ಅದು ‘ಮುಖಪುಟ’ ಎಂದೇ ಇದೆ. ಒಂದೇ ಹೆಸರಿನ ಎಂಬತ್ತು ಮಕ್ಕಳನ್ನು ಶಾಲೆಗೆ ಸೇರಿಸಿದರೆ ಮೇಷ್ಟ್ರು ಯಾರನ್ನು ಕರೆಯಬೇಕು?

ಅದೇ ಕೋಡಿನಲ್ಲಿ ಕೀವರ್ಡ್‌ಗಳೆಂದು ನೂರಾರು ಪದಗಳನ್ನು ಅಲ್ಪವಿರಾಮ ಹಾಕಿ ತುಂಬಿಸಿರುವುದನ್ನೂ ಕಂಡೆ. ಆ ಸಾಲನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಹೇಳಿಯಾಗಿದೆ. ಬದಲಿಗೆ ಜನ ಬರೆಯುವ ಬೇರೆ ಬೇರೆ ರೂಪಗಳು ಲೇಖನದ ಒಳಗೆ ಸಹಜವಾಗಿ ಒಂದೊಂದು ಸಲ ಬರಲಿ. ರೋಬಸ್ಟಾ ಎನ್ನುವವರಿದ್ದಾರೆ, ರೊಬಸ್ಟ ಎನ್ನುವವರೂ ಇದ್ದಾರೆ; ಕಾಳುಮೆಣಸು ಕೆಲವರಿಗೆ ಕರಿಮೆಣಸು, ತೋಟದವರಿಗೆ ಬರೀ ಮೆಣಸು; ಊರಿನವರಿಗೆ ಕೊಡಗಾದದ್ದು ಹೊರಗಿನವರಿಗೆ ಕೂರ್ಗ್.

ಎರಡು ಪುಟಗಳು ಒಂದೇ ಪ್ರಶ್ನೆಗೆ ಉತ್ತರಿಸುತ್ತಿದ್ದರೆ ಯಾವುದು ಮೇಲೆ ಬರುತ್ತದೆ ಎಂಬುದಕ್ಕೆ ಸಾವಿರ ಉತ್ತರಗಳಿವೆ. ಹಳೆಯದು ಮತ್ತು ಇನ್ನೂ ಬದುಕಿರುವುದು ಕೊಂಡಿಗಳ ಲೆಕ್ಕ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ, 1998ರಲ್ಲಿ ಮಂಡಿಸಿದ ಪೇಜ್‌ರ್ಯಾಂಕ್ ಪದ್ಧತಿಯ ಪ್ರಕಾರ ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಬಗೆಯ ಮತ. ಮತ ಹಾಕಿದವರ ಘನತೆ ಹೆಚ್ಚಿದ್ದಷ್ಟೂ ಆ ಮತಕ್ಕೆ ಬೆಲೆ ಹೆಚ್ಚು. ಇವತ್ತು ಆ ಲೆಕ್ಕದ ಜೊತೆ ನೂರಾರು ಬೇರೆ ಲೆಕ್ಕಗಳು ಸೇರಿವೆ. ಈ ಮತಗಳನ್ನು ದುಡ್ಡು ಕೊಟ್ಟು ಕೊಳ್ಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಕೊಳ್ಳದೆಯೇ ಬರುವಂತೆ ಮಾಡುವ ಒಂದು ವಸ್ತು ನಿಮ್ಮ ಮನೆಯಲ್ಲಿದೆ. ತಂದೆಯವರ ಕಾಲದಿಂದ ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರೆದಿಟ್ಟ ಮಳೆಯ ಪುಸ್ತಕವಿದೆ ಎಂದು ಪತ್ರದ ಕೊನೆಯಲ್ಲಿ ಸುಮ್ಮನೆ ಒಂದು ಸಾಲು ಬರೆದಿದ್ದೀರಿ. ಅದನ್ನು ತಿಂಗಳವಾರು ಪಟ್ಟಿ ಮಾಡಿ ತಾಣದಲ್ಲಿ ಹಾಕಿ. ಯಾವ ವರ್ಷ ಹೂಮಳೆ ಎಂದು ಬಿತ್ತು, ಹೂವಿನ ನಂತರ ಬೀಳಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಆ ವರ್ಷ ಫಸಲು ಹೇಗಿತ್ತು ಎಂದು ಪಕ್ಕದಲ್ಲಿ ಬರೆಯಿರಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ಶಿಫಾರಸುಗಳನ್ನು ಯಾರು ಬೇಕಾದರೂ ಮತ್ತೆ ಬರೆಯಬಹುದು, ಬರೆದಿದ್ದಾರೆ ಕೂಡ. ನಿಮ್ಮ ತೋಟದ ಮಳೆ ನಿಮ್ಮಲ್ಲಿ ಮಾತ್ರ ಇದೆ. ಕೃಷಿ ವಿದ್ಯಾರ್ಥಿಗಳು, ಪತ್ರಕರ್ತರು, ಇತರ ಬೆಳೆಗಾರರು ಉಲ್ಲೇಖಿಸುವುದು ಅಂಥ ಪುಟವನ್ನು.

ಫೋಟೋಗಳ ಬಗ್ಗೆ ಚಿಕ್ಕದಾಗಿ: ಫೋನಿನಿಂದ ನೇರವಾಗಿ ಏರಿಸಿದ ಐದಾರು ಎಂಬಿ ಚಿತ್ರಗಳನ್ನು ಇನ್ನೂರು ಕೆಬಿಯೊಳಗೆ ಇಳಿಸಿ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದುತ್ತದೆ, ಮತ್ತು ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂದು ಬಯಸುತ್ತದೆ. ಜೂನ್ ತಿಂಗಳಲ್ಲಿ ಕರೆಂಟು ಹೋಗಿ ಟವರ್ ಅರ್ಧ ಜೀವದಲ್ಲಿದ್ದಾಗ ನಿಮ್ಮ ಪುಟವನ್ನು ನಿಮ್ಮದೇ ಅಂಗಳದಲ್ಲಿ ನಿಂತು ತೆರೆದು ನೋಡಿ, ಬೇರೆ ಪರೀಕ್ಷೆ ಬೇಡ.

ಇನ್ನು ಹಣದ ಮಾತು. ತಾಣಗಳಲ್ಲಿ ಜಾಹೀರಾತು ತೋರಿಸಿ ಹಣ ಕೊಡುವ ಗೂಗಲ್‌ನ ಆಡ್‌ಸೆನ್ಸ್ ಸೇವೆ ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವೂ ಇರುವುದರಿಂದ ಭಾಷೆಯ ಅಡ್ಡಿಯಿಲ್ಲ. ನಿಮ್ಮ ಪುಟ ತೆರೆದ ಪ್ರತಿ ಸಲವೂ ಆ ಜಾಗಕ್ಕೆ ಕ್ಷಣದೊಳಗೆ ಹರಾಜು ನಡೆಯುತ್ತದೆ. ಓದುಗ ಯಾವ ಊರಿನವನು, ಪುಟದ ವಿಷಯವೇನು, ಹಬ್ಬದ ಕಾಲವೋ ಅಲ್ಲವೋ ಎಂಬುದರ ಮೇಲೆ ಕೂಗು ಏರುತ್ತದೆ, ಇಳಿಯುತ್ತದೆ. ಜಾಹೀರಾತುದಾರ ಕೊಟ್ಟ ಹಣದಲ್ಲಿ ತಾಣದವನಿಗೆ ಸುಮಾರು ಶೇಕಡಾ 68 ಸೇರುತ್ತದೆಂದು ಗೂಗಲ್ ಹೇಳುತ್ತದೆ. ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಹಣ ಬ್ಯಾಂಕಿಗೆ ಬರುವುದಿಲ್ಲ. ಲೆಕ್ಕಕ್ಕೆಂದು ಸಾವಿರ ಪುಟನೋಟಕ್ಕೆ 40 ರೂಪಾಯಿ ಹುಟ್ಟುತ್ತದೆ ಎಂದು ಹಿಡಿಯೋಣ, ಡಾಲರಿಗೆ 85 ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 5,000 ನೋಟ ಬಂದರೆ 200 ರೂಪಾಯಿ. 8,500 ರೂಪಾಯಿ ಕೂಡಲು ಮೂರೂವರೆ ವರ್ಷ ಬೇಕು. ನಿಮ್ಮ ದರ ಇದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ಆದರೆ ತಿಂಗಳ ನೋಟ ಕೆಲವು ಹತ್ತು ಸಾವಿರ ಮುಟ್ಟುವವರೆಗೆ ಇಂಟರ್ನೆಟ್ ಬಿಲ್ಲಿನ ಆಸೆಯನ್ನು ಬದಿಗಿಡುವುದೇ ಒಳ್ಳೆಯದು. ಅದೇ ಓದುಗರಲ್ಲಿ ನಾಲ್ಕು ಜನ ನಿಮ್ಮ ತೋಟದ ಕಾಫಿಪುಡಿ ಕೊಂಡು, ಪ್ಯಾಕೆಟಿಗೆ 50 ರೂಪಾಯಿ ಉಳಿದರೂ ಆ 200 ರೂಪಾಯಿ ಬಂದೇಬಿಟ್ಟಿತು. ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡು, ಲೇಖನದ ಕೆಳಗೆ ಎರಡು ಸಾಲಿನಲ್ಲಿ ನಿಮ್ಮ ಪುಡಿಯ ವಿಷಯ ಹೇಳಿ. ಆಡ್‌ಸೆನ್ಸ್ ಅರ್ಜಿಯನ್ನು ಚಿತ್ರಗಳೆಲ್ಲ ಪಠ್ಯವಾದ ಮೇಲೆ, ದರದ ಪುಟಗಳು ಒಂದಾದ ಮೇಲೆ ಹಾಕಿ. ಈಗಿರುವ ಸ್ಥಿತಿಯಲ್ಲಿ ಹಾಕಿದರೆ ‘ಮೌಲ್ಯ ಕಡಿಮೆಯಿರುವ ವಿಷಯ’ ಎಂಬ ಕಾರಣ ಕೊಟ್ಟು ಹಿಂದಿರುಗಿಸುವ ಸಂಭವವೇ ಹೆಚ್ಚು.

ಪ್ರಶ್ನೆ: ಕಕ್ಕಬ್ಬೆಯ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ ಎಂದು ಹೇಳಿದ ಒಂದು ಸಂಸ್ಥೆಗೆ 30,000 ರೂಪಾಯಿ ಕೊಟ್ಟೆವು. ಮೂರು ತಿಂಗಳ ನಂತರ ಅವರು ಫೋನಿನಲ್ಲಿ ತೋರಿಸಿದಾಗ ನಿಜವಾಗಿಯೂ ನಾವೇ ಮೊದಲಿದ್ದೆವು. ಆದರೆ ಬುಕಿಂಗ್ ಒಂದೂ ಹೆಚ್ಚಿಲ್ಲ. ತಾಣದಲ್ಲಿ ಜಾಹೀರಾತು ಹಾಕಿಯಾದರೂ ಆ ಹಣ ಹಿಂದೆ ಪಡೆಯಬಹುದೇ?
– ಗೃಹಿಣಿ, ಕಕ್ಕಬ್ಬೆ

ಉತ್ತರ: ಅವರು ಏನನ್ನು ಹುಡುಕಿ ತೋರಿಸಿದರು ಎಂಬುದನ್ನು ನೀವು ಬರೆದಿಲ್ಲವಾದರೂ ಊಹಿಸಬಲ್ಲೆ: ನಿಮ್ಮ ಹೋಂಸ್ಟೇಯ ಹೆಸರನ್ನೇ. ನಿಮ್ಮ ಹೆಸರನ್ನು ಹುಡುಕಿದರೆ ನೀವೇ ಮೊದಲು ಬರುವುದರಲ್ಲಿ ಯಾರ ಕೌಶಲವೂ ಇಲ್ಲ. ಹೆಸರು ಗೊತ್ತಿದ್ದವರು ಹೇಗೂ ಬರುತ್ತಾರೆ. ಬರಬೇಕಾದದ್ದು ‘ತಡಿಯಂಡಮೋಳ್ ಹತ್ತಿರ ಹೋಂಸ್ಟೇ’ ಎಂದು ನಿಮ್ಮ ಹತ್ತಿರದ ಬೆಟ್ಟದ ಹೆಸರು ಹೇಳಿ ಕೇಳುವ ಬೆಂಗಳೂರಿನವರು. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಎಚ್ಚರಿಸಿದೆ.

ನಿಮ್ಮಂಥವರಿಗೆ ಜಾಲತಾಣಕ್ಕಿಂತ ಮೊದಲು ಬೇಕಾದದ್ದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ನಕ್ಷೆಯಲ್ಲಿ ಬರುವ ನಿಮ್ಮ ಗುರುತು. ಅದಕ್ಕೆ ಒಂದು ಪೈಸೆಯೂ ಬೇಡ. ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ ಎಂಬ ಮೂರರ ಮೇಲೆ ನಕ್ಷೆಯ ಫಲಿತಾಂಶ ನಿಂತಿದೆ. ಗುರುತನ್ನು ಮುಖ್ಯರಸ್ತೆಯ ತಿರುವಿನಲ್ಲಲ್ಲದೆ ನಿಮ್ಮ ಗೇಟಿನ ಮುಂದೆಯೇ ಇರಿಸಿ. ಕತ್ತಲಲ್ಲಿ ಬೇರೆಯವರ ತೋಟಕ್ಕೆ ಕಾರು ನುಗ್ಗಿಸಿದ ಅತಿಥಿ ಬರೆಯುವ ವಿಮರ್ಶೆ ಹೇಗಿರುತ್ತದೆಂದು ನಿಮಗೇ ಗೊತ್ತು. ಹೆಸರಿನ ಜಾಗದಲ್ಲಿ ಬೋರ್ಡಿನಲ್ಲಿರುವ ಹೆಸರು ಮಾತ್ರ ಇರಲಿ. ಹಿಂದೆ ಮುಂದೆ ‘ಕೂರ್ಗಿನ ಅತ್ಯುತ್ತಮ’ ಎಂದೆಲ್ಲ ಸೇರಿಸುವುದು ನಿಯಮಬಾಹಿರ, ಪ್ರೊಫೈಲ್ ಅಮಾನತಾಗಬಹುದು. ವಿಮರ್ಶೆ ಬರೆದರೆ ಬಿಲ್ಲಿನಲ್ಲಿ ರಿಯಾಯಿತಿ ಎನ್ನುವುದಕ್ಕೂ ಅವಕಾಶವಿಲ್ಲ. ಹೊರಡುವಾಗ ಬಾಯಿಮಾತಿನಲ್ಲಿ ಕೇಳಿಕೊಳ್ಳಿ, ಬಂದ ಪ್ರತಿ ವಿಮರ್ಶೆಗೂ ಉತ್ತರ ಬರೆಯಿರಿ. ತಾಣದಲ್ಲಿ ಬರುವ ದಾರಿಯ ಬಗ್ಗೆ ಒಂದು ಪ್ರಾಮಾಣಿಕ ಪುಟ ಇರಲಿ. ಜಿಲ್ಲೆಯಲ್ಲಿ ರೈಲಿಲ್ಲ, ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಕಣ್ಣೂರಿನಲ್ಲಿ 2018ರಿಂದ ವಿಮಾನ ನಿಲ್ದಾಣವಿದೆ, ಕೊನೆಯ ಎರಡು ಕಿಲೋಮೀಟರಿಗೆ ಜೀಪು ಬೇಕೋ ಬೇಡವೋ ಎಂಬುದನ್ನೆಲ್ಲ ಬರೆದು, ಮಳೆಗಾಲದಲ್ಲಿ ವಾರಕ್ಕೊಮ್ಮೆ ರಸ್ತೆಯ ಸ್ಥಿತಿಯನ್ನು ದಿನಾಂಕ ಹಾಕಿ ತಿದ್ದಿ. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಮಡಿಕೇರಿ–ಸಂಪಾಜೆ ರಸ್ತೆ ಬಂದಾದ ಮೇಲೆ, ಪ್ರಯಾಣಿಕರು ಹೊರಡುವ ಮುನ್ನ ಮೊದಲು ಕೇಳುವ ಪ್ರಶ್ನೆ ಅದೇ ಆಗಿದೆ.

ಜಾಹೀರಾತು ಮಾತ್ರ ಬೇಡವೇ ಬೇಡ. ನಿಮ್ಮ ಪುಟದಲ್ಲಿ ಆಡ್‌ಸೆನ್ಸ್ ತೋರಿಸುವುದು ಪುಟದ ವಿಷಯಕ್ಕೆ ಹೊಂದುವ ಜಾಹೀರಾತನ್ನು, ಅಂದರೆ ಬೇರೆ ರೆಸಾರ್ಟಿನದನ್ನು. ಎರಡು ರಾತ್ರಿ ಉಳಿಯಬಹುದಾಗಿದ್ದ ಅತಿಥಿಯನ್ನು ಕೆಲವು ರೂಪಾಯಿಗೆ ನೀವೇ ಪಕ್ಕದ ಮನೆಗೆ ಕಳುಹಿಸಿದಂತಾಗುತ್ತದೆ. ಹೋದ ಹಣದ ಚಿಂತೆಗಿಂತ, ತಾಣದ ಹೆಸರು ಯಾರ ಖಾತೆಯಲ್ಲಿ ನೋಂದಣಿಯಾಗಿದೆ ಎಂಬುದನ್ನು ಈ ವಾರವೇ ವಿಚಾರಿಸಿ. ಆ ಸಂಸ್ಥೆಯ ಹೆಸರಿನಲ್ಲಿದ್ದರೆ ವರ್ಗಾವಣೆ ಸಂಕೇತವನ್ನು ಕೇಳಿ ಪಡೆದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ನಕ್ಷೆಯ ಪ್ರೊಫೈಲಿನ ಮಾಲೀಕತ್ವವನ್ನೂ ಹಾಗೆಯೇ.

ಪ್ರಶ್ನೆ: ನನ್ನ ತಾಣದ ಆಡ್‌ಸೆನ್ಸ್ ಖಾತೆಯಲ್ಲಿ 61 ಡಾಲರ್ ಆಗಿತ್ತು. ಬೇಗ ನೂರು ಮುಟ್ಟಲೆಂದು ಗೆಳೆಯರು ದಿನಾ ಜಾಹೀರಾತು ಒತ್ತುತ್ತಿದ್ದರು. ಈಗ ಖಾತೆ ರದ್ದಾಗಿದೆ. ಅಮ್ಮನ ಹೆಸರಿನಲ್ಲಿ ಹೊಸದು ತೆರೆಯಲೇ?
– ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಬೇಡ. ಅದೇ ತಾಣವನ್ನು ಬೇರೆ ಹೆಸರಿನಲ್ಲಿ ಸೇರಿಸಿದರೆ ಅಮ್ಮನ ಖಾತೆಯೂ ಹೋಗುತ್ತದೆ. ಗೆಳೆಯರು ಒತ್ತಿದ ಪ್ರತಿ ಸಲವೂ ಯಾವುದೋ ಊರಿನ ವ್ಯಾಪಾರಿಯೊಬ್ಬ ಬಾರದ ಗಿರಾಕಿಗೆ ದುಡ್ಡು ತೆತ್ತಿದ್ದಾನೆ. ಸ್ವಂತ ಜಾಹೀರಾತನ್ನು ಒತ್ತುವುದನ್ನೂ ಒತ್ತಿಸುವುದನ್ನೂ ನಿಷೇಧಿಸಿರುವುದು ಅದಕ್ಕಾಗಿ. ರದ್ದಾದ ಖಾತೆಯ ಹಣವನ್ನು, ಸಾಧ್ಯವಿರುವೆಡೆ, ಜಾಹೀರಾತುದಾರರಿಗೆ ಹಿಂತಿರುಗಿಸಲಾಗುತ್ತದೆ. ಮೇಲ್ಮನವಿಗೆ ಅವಕಾಶವಿದೆ. ನಡೆದದ್ದನ್ನು ಮುಚ್ಚಿಡದೆ ಬರೆಯಿರಿ, ಆದರೆ ಒಪ್ಪುತ್ತಾರೆಂಬ ಭರವಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಆಡ್‌ಸೆನ್ಸ್ ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ದೃಢೀಕರಿಸುವ ಪಿನ್ ಸಂಖ್ಯೆ ಅಂಚೆಯಲ್ಲಿ ಬರುತ್ತದೆ ಎಂದರು. ಎರಡು ತಿಂಗಳಾದರೂ ಬಂದಿಲ್ಲ. ನಮ್ಮ ಮನೆ ತೋಟದೊಳಗಿದೆ.
– ಓದುಗರು, ಸುಂಟಿಕೊಪ್ಪ

ಉತ್ತರ: ಎಸ್ಟೇಟಿನ ಹೆಸರು, ಅಂಚೆ ಕಚೇರಿಯ ಹೆಸರು, ಪಿನ್‌ಕೋಡ್ ಮತ್ತು ನಿಮ್ಮ ಮೊಬೈಲ್ ಸಂಖ್ಯೆ ವಿಳಾಸದ ಸಾಲುಗಳಲ್ಲಿ ಇವೆಯೇ ನೋಡಿ, ಇಲ್ಲದಿದ್ದರೆ ತಿದ್ದಿ ಮತ್ತೊಮ್ಮೆ ಕೋರಿಕೆ ಸಲ್ಲಿಸಿ. ಅದು ಸಾಮಾನ್ಯ ಅಂಚೆಯಲ್ಲಿ ಬರುವ ಚಿಕ್ಕ ಕಾಗದ, ನೋಂದಾಯಿತ ಪತ್ರವಲ್ಲ. ಪೋಸ್ಟ್‌ಮ್ಯಾನ್‌ಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಅಂಗಡಿಯ ಕಟ್ಟಿನಲ್ಲಿ ಉಳಿಯುವುದಿಲ್ಲ. ಮೂರು ಸಲ ಕಳುಹಿಸಿಯೂ ಬಾರದಿದ್ದರೆ ಸರ್ಕಾರಿ ಗುರುತಿನ ಚೀಟಿಯ ಪ್ರತಿಯನ್ನು ಸಲ್ಲಿಸಿ ದೃಢೀಕರಿಸಿಕೊಳ್ಳಬಹುದು. ಮೊದಲ ಪಿನ್ ಹೊರಟ ನಾಲ್ಕು ತಿಂಗಳೊಳಗೆ ಇದು ಮುಗಿಯದಿದ್ದರೆ ಜಾಹೀರಾತು ನಿಲ್ಲುತ್ತದೆ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕಿ. ಕೊಡವ ಕುಟುಂಬಗಳ ಐನ್‌ಮನೆಗಳು, ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಕುರಿತು ಇಪ್ಪತ್ತು ವರ್ಷಗಳಿಂದ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳನ್ನು ಮೊಮ್ಮಗ ಜಾಲತಾಣಕ್ಕೆ ಹಾಕಿಕೊಟ್ಟಿದ್ದಾನೆ. ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಬೇರೆಯವರು ಇಂಗ್ಲಿಷಿನಲ್ಲಿ ಏನೋ ಕಸ ಕಾಣುತ್ತಿದೆ ಎನ್ನುತ್ತಾರೆ. ಗೂಗಲ್‌ನಲ್ಲಂತೂ ಇಲ್ಲವೇ ಇಲ್ಲ.
– ಓದುಗರು, ವಿರಾಜಪೇಟೆ

ಉತ್ತರ: ಮೇಡಂ, ನೀವು ಟೈಪ್ ಮಾಡಿದ್ದು ನಿಮಗೆ ಕನ್ನಡ, ಯಂತ್ರಕ್ಕೆ ಕನ್ನಡವಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕಣ್ಣಿಗೆ ಕನ್ನಡ ಕಾಣುತ್ತದೆ, ಅದಿಲ್ಲದ ಕಡೆ ಒಳಗಿನ ಅಸಲಿ ಅಕ್ಷರಗಳು ಹೊರಬೀಳುತ್ತವೆ. ಗೂಗಲ್ ಓದುವುದು ಆಕಾರವನ್ನಲ್ಲ, ಸಂಕೇತವನ್ನು. ಹಾಗಾಗಿ ‘ಪುತ್ತರಿ’ ಎಂದು ಹುಡುಕಿದವರಿಗೆ ನಿಮ್ಮ ಇಡೀ ತಾಣದಲ್ಲಿ ಆ ಪದ ಒಂದು ಸಲವೂ ಇಲ್ಲ. ಕನ್ನಡಕ್ಕೆ ತನ್ನದೇ ಆದ ಸಂಕೇತಸ್ಥಾನಗಳು ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಯೂನಿಕೋಡ್ ಪದ್ಧತಿಯಲ್ಲಿ 1991ರಲ್ಲಿಯೇ ದೊರೆತಿದ್ದರೂ ಮುದ್ರಣಾಲಯಗಳ ಅಭ್ಯಾಸದಿಂದ ಹಳೆಯ ಪದ್ಧತಿ ಬಹುಕಾಲ ಉಳಿಯಿತು. ನಿಮ್ಮಂತೆ ಅಮೂಲ್ಯವಾದದ್ದನ್ನು ಬರೆದಿಟ್ಟು ಈ ಗೋಡೆಯ ಹಿಂದೆ ಸಿಕ್ಕಿಕೊಂಡವರು ಕನ್ನಡದಲ್ಲಿ ಬಹಳ ಮಂದಿ.

ಪರಿಹಾರ ಸುಲಭ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಒಂದೊಂದೇ ಲೇಖನವನ್ನು ಹಾಕಿ ತೆಗೆಯಬೇಕು. ತೆಗೆದ ಮೇಲೆ ಒಮ್ಮೆ ಕರಡು ತಿದ್ದಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಸೇರುವಲ್ಲಿ, ಮಧ್ಯೆ ಬರುವ ಅಂಕಿ ಮತ್ತು ಆವರಣ ಚಿಹ್ನೆಗಳಲ್ಲಿ ಪರಿವರ್ತಕಗಳು ಎಡವುತ್ತವೆ. ಸರಿಯಾಯಿತೇ ಎಂದು ತಿಳಿಯಲು ಪುಟವನ್ನು ಬೇರೆಯವರ ಫೋನಿನಲ್ಲಿ ತೆರೆದು, ಅಲ್ಲಿಯ ಒಂದು ಪದವನ್ನು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಬಂದರೆ ಗೆದ್ದಿರಿ. ಪುತ್ತರಿಯನ್ನು ಹುತ್ತರಿ ಎಂದೂ, ಕೈಲ್‌ಪೊಳ್ದನ್ನು ಕೈಲ್ ಮುಹೂರ್ತ ಎಂದೂ ಹುಡುಕುವವರಿರುವುದರಿಂದ ಮೊದಲ ಪ್ಯಾರಾದಲ್ಲಿ ಎರಡೂ ರೂಪಗಳು ಬರಲಿ. ಪುಟದ ವಿಳಾಸವನ್ನು ಮಾತ್ರ ಕನ್ನಡದಲ್ಲಿ ಇಡಬೇಡಿ. ಅದರಿಂದ ಶ್ರೇಯಾಂಕಕ್ಕೆ ತೊಂದರೆಯಿಲ್ಲವಾದರೂ ಹಂಚಿಕೊಂಡಾಗ ಶೇಕಡಾ ಚಿಹ್ನೆಗಳಿಂದ ತುಂಬಿದ ಗೇಣುದ್ದದ ಸಾಲಾಗಿ ಬದಲಾಗಿ, ಓದುಗರು ವೈರಸ್ಸೆಂದು ಹೆದರುತ್ತಾರೆ. ತಲಕಾವೇರಿ ತೀರ್ಥೋದ್ಭವದ ಲೇಖನವನ್ನು ಅಕ್ಟೋಬರಿನ ತುಲಾ ಸಂಕ್ರಮಣದ ಹಿಂದಿನ ದಿನ ಹಾಕಿದರೆ ಗೂಗಲ್ ಓದುವಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ, ಆದ್ದರಿಂದ ಎರಡು ತಿಂಗಳು ಮೊದಲೇ ಹಾಕಿ. ಜಾಹೀರಾತಿನ ವಿಷಯವನ್ನು ನೀವು ಕೇಳಿಲ್ಲ, ಕೇಳದಿದ್ದದ್ದಕ್ಕೆ ಸಂತೋಷ.

ಪ್ರಶ್ನೆ: ಕೊಡಗಿನ ಪ್ರವಾಸಿ ತಾಣಗಳ ಬಗ್ಗೆ ನನ್ನದೊಂದು ತಾಣವಿದೆ. ಎರಡು ವರ್ಷ ಒಳ್ಳೆಯ ಆದಾಯವಿತ್ತು. ಈಗ ಗೂಗಲ್ ತಾನೇ ಎಐ ಬಳಸಿ ಮೇಲೆಯೇ ಉತ್ತರ ಹೇಳಿಬಿಡುತ್ತದೆ, ನಮ್ಮ ಪುಟಕ್ಕೆ ಬರುವವರು ಅರ್ಧಕ್ಕಿಂತ ಕಡಿಮೆಯಾಗಿದ್ದಾರೆ. ನಮ್ಮ ವಿಷಯವನ್ನು ಬಳಸದಂತೆ ತಡೆಯಬಹುದೇ? ತಡಿಯಂಡಮೋಳ್ ಚಾರಣದ ಒಂದು ಪುಟ ಮಾತ್ರ ಮೊದಲಿನಂತೆಯೇ ಓಡುತ್ತಿದೆ, ಏಕೆಂದು ತಿಳಿಯದು.
– ಓದುಗರು, ಪೊನ್ನಂಪೇಟೆ

ಉತ್ತರ: ಗೂಗಲ್‌ನ ಈ ಎಐ ಸಾರಾಂಶಗಳು ಅಮೆರಿಕದಲ್ಲಿ 2024ರ ಮೇ ತಿಂಗಳಿನಲ್ಲಿ, ಭಾರತದಲ್ಲಿ ಅದೇ ವರ್ಷದ ಆಗಸ್ಟಿನಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಆರಂಭವಾದವು. ನಿಮ್ಮ ತಾಣ ಇಂಗ್ಲಿಷಿನಲ್ಲಿಯೂ ಇರುವುದರಿಂದ ಪೆಟ್ಟು ಬಿದ್ದಿದೆ. ಪುಟದ ತುಣುಕನ್ನು ತೋರಿಸಬೇಡ ಎಂಬ ಸೂಚನೆಯನ್ನು ಕೋಡಿನಲ್ಲಿ ಸೇರಿಸಿ ತಡೆಯಬಹುದು, ಆದರೆ ಆಗ ಸಾಮಾನ್ಯ ಫಲಿತಾಂಶದಲ್ಲಿಯೂ ಶೀರ್ಷಿಕೆಯ ಕೆಳಗಿನ ವಿವರಣೆ ಮಾಯವಾಗುತ್ತದೆ. ಮೂಗಿನ ಸಿಟ್ಟಿಗೆ ಮೂಗನ್ನೇ ಕೊಯ್ದುಕೊಂಡಂತೆ.

ತಡಿಯಂಡಮೋಳ್ ಎಷ್ಟು ಎತ್ತರ ಎಂದು ಕೇಳಿದವನಿಗೆ 1,748 ಮೀಟರ್ ಎಂಬ ಉತ್ತರ ಮೇಲೆಯೇ ಸಿಕ್ಕಿದರೆ ಅವನು ನಿಮ್ಮ ಪುಟಕ್ಕೆ ಬರಬೇಕಾದ ಅಗತ್ಯವಿಲ್ಲ, ಬಂದರೂ ಹತ್ತು ಸೆಕೆಂಡಿನಲ್ಲಿ ಹೋಗುತ್ತಿದ್ದ. ನಿಮ್ಮ ‘ನೋಡಲೇಬೇಕಾದ 25 ತಾಣಗಳು’ ಪುಟದಲ್ಲಿ ಅಬ್ಬಿ, ರಾಜಾಸೀಟು, ದುಬಾರೆ, ಇರ್ಪು ಎಂದು ಎಲ್ಲರೂ ಬರೆದದ್ದೇ ಇದೆ. ಬೇಸರಿಸಬೇಡಿ, ಆ ಪುಟವನ್ನು ಯಂತ್ರ ಬರೆದಿದ್ದರೂ ಹಾಗೆಯೇ ಇರುತ್ತಿತ್ತು. ಚಾರಣದ ಪುಟದಲ್ಲಿ ನಾಲ್ಕುನಾಡು ಅರಮನೆಯ ಹತ್ತಿರ ವಾಹನ ಎಲ್ಲಿ ನಿಲ್ಲಿಸಬೇಕು, ನೀರು ಕೊನೆಯದಾಗಿ ಎಲ್ಲಿ ಸಿಗುತ್ತದೆ, ಜೂನಿನಲ್ಲಿ ಜಿಗಣೆಗೆ ಏನು ಮಾಡಿದಿರಿ, ಮಂಜಿನಲ್ಲಿ ದಾರಿ ಎಲ್ಲಿ ಕವಲೊಡೆಯುತ್ತದೆ ಎಂದು ನೀವೇ ತೆಗೆದ ಫೋಟೋಗಳೊಂದಿಗೆ ಬರೆದಿದ್ದೀರಿ. ಹೊರಡುವ ಹಿಂದಿನ ರಾತ್ರಿ ಅದನ್ನು ಓದದೆ ಇರಲು ಯಾರಿಗೂ ಧೈರ್ಯವಾಗುವುದಿಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಆ ಪುಟವನ್ನು ತೆರೆದು, ಯಾವ ಯಾವ ಪ್ರಶ್ನೆಗಳನ್ನು ಹುಡುಕಿ ಜನ ಅಲ್ಲಿಗೆ ಬಂದಿದ್ದಾರೆಂಬ ಪಟ್ಟಿಯನ್ನು ಇಳಿಸಿಕೊಳ್ಳಿ. ಅವುಗಳಲ್ಲಿ ಪುಟ ಪೂರ್ತಿ ಉತ್ತರ ಕೊಡದ ಪ್ರಶ್ನೆಗಳಿಗೆ ಗುರುತು ಹಾಕಿ, ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ಹತ್ತಿ ಬನ್ನಿ, ಕ್ಯಾಮೆರಾದ ಜೊತೆ ಒಂದು ನೋಟ್‌ಪುಸ್ತಕವೂ ಇರಲಿ.